ಕಂಬದಿಂದ ಹಗೇವಿಗೆ ಏಳು ಮೊಳ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಆಯಿ ನೆಲ ಅಳೆಯಲು ಕೂರುತ್ತಿದ್ದಳು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಕಲ್ಲೋಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ನಡುಗಂಬವಿತ್ತು. ಅದರ ಬುಡಕ್ಕೆ ಮೊಳಕೈ ಊರಿ, ಮಂಡಿಯ ಮೇಲೆ ಸರಿಯುತ್ತ, ಒಂದು, ಎರಡು, ಮೂರು ಎಂದು ಮೊಳ ಹಾಕಿಕೊಂಡು ಮೊದಲು ಒಲೆಯ ಕಡೆ ಹೋಗುವಳು. ತಿರುಗಿ ಕಂಬಕ್ಕೆ ಬಂದು ಆಮೇಲೆ ಜೋಳದ ಗುಂಡಿಯ, ಅಂದರೆ ಹಗೇವಿನ ಕಡೆ. ಒಲೆಗೆ ಎಂಟು ಮೊಳ, ಹಗೇವಿಗೆ ಏಳು. ಕಂಬವೂ ಕದಲಿರಲಿಲ್ಲ, ಹಗೇವೂ ಕದಲಿರಲಿಲ್ಲ, ಆದರೂ ವರ್ಷವರ್ಷವೂ ಅಳೆಯಲೇಬೇಕು. "ಹ್ವಾದ ವರ್ಷ ಅಳದೀಯಲ್ಲ ಆಯಿ" ಎಂದು ನಾನು ಚೇಷ್ಟೆ ಮಾಡಿದರೆ, "ಹ್ವಾದ ವರ್ಷ ಉಂಡದ್ದು ಈ ವರ್ಷ ಹೊಟ್ಟಿ ತುಂಬತೈತೇನ?" ಎನ್ನುವಳು.

ಅಳತೆ ಮುಗಿದ ಮೇಲೆ ಗೋಡೆಯ ಗೂಡಿನಿಂದ ತನ್ನ ಹಳೆಯ ಸೀರೆಯ ಒಂದು ಸೀಳು ತೆಗೆಯುತ್ತಿದ್ದಳು. ಒಗೆದು ಒಗೆದು ಬೆಣ್ಣೆಯಂತಾದ ಬಟ್ಟೆ ಅದು. ಅದರ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಮನೆಯಲ್ಲಿ ಆ ವರ್ಷ ಅಂಬೆಗಾಲಿಡುವ ಅಥವಾ ಹೊಸದಾಗಿ ನಡೆಯುವ ಕೂಸಿನ ಸೊಂಟಕ್ಕೆ. ಕಂಬದಿಂದ ಕೂಸಿಗೆ ಐದು ಮೊಳ, ಒಂದು ಗೇಣೂ ಹೆಚ್ಚಿಲ್ಲ. ಎಣ್ಣೆಯ ಬಾಣಲೆ ಒಲೆಯ ಮೇಲಿರುವಷ್ಟು ಹೊತ್ತು ಕೂಸು ಆ ಐದು ಮೊಳದ ರಾಜ್ಯದಲ್ಲಿ ಆಡಿಕೊಂಡಿರಬೇಕು. ನಾನೂ ಹಾಗೆಯೇ ಕಟ್ಟಿಸಿಕೊಂಡು ಬೆಳೆದವಳು. ನನ್ನ ಅಪ್ಪನೂ, ಅವನ ತಮ್ಮ ಕಾಕಾನೂ. ಓಣಿಯ ಹೆಂಗಸರು ಕರ್ಚಿಕಾಯಿ ಕರಿಯುವ ದಿನ ತಮ್ಮ ಕೂಸುಗಳನ್ನು ತಂದು ಆಯಿಯ ಮಡಿಲಿಗೆ ಹಾಕಿ ಹೋಗುತ್ತಿದ್ದರು. ಒಂದು ವರ್ಷ ಅದೇ ಕಂಬಕ್ಕೆ ಮೂರು ಕೂಸು ಕಟ್ಟಿದ್ದು ನನಗೆ ನೆನಪಿದೆ. ಒಂದರ ಬಟ್ಟೆ ಇನ್ನೊಂದಕ್ಕೆ ಸುತ್ತಿಕೊಂಡು ಮೂರೂ ಒಟ್ಟಿಗೆ ಅತ್ತಿದ್ದವು.

ಈಗಿನವರಿಗೆ ಇದನ್ನು ಹೇಳಿದರೆ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಹಬ್ಬ ಬಂದಾಗ ಮನೆಯಲ್ಲಿ ಏನೇನಿರುತ್ತಿತ್ತು ಎಂದು ಅವರಿಗೆ ಗೊತ್ತಿಲ್ಲ. ನೀರು ತುಂಬುವ ದಿನದಿಂದ ಹಂಡೆಯಲ್ಲಿ ಕುದಿನೀರು, ಹೊಸ್ತಿಲಿನ ಎರಡೂ ಬದಿಗೆ ಉರಿಯುವ ಪಣತಿ, ಪಡಸಾಲೆಯಲ್ಲೇ ಮೂರು ಕಲ್ಲು ಹೂಡಿ ಮಾಡಿದ ಒಲೆ, ಅದರ ಮೇಲೆ ಮೊಳಗಟ್ಟಲೆ ಅಗಲದ ಬಾಣಲೆ. ಮನೆ ತುಂಬ ಮಂದಿ. ಆ ಮಂದಿಯನ್ನು ಕಂಡರೇ ಆಯಿಗೆ ಹೆಚ್ಚು ಹೆದರಿಕೆ. "ಒಬ್ಬಾಕಿ ಇದ್ರ ಕೂಸಿನ ಮ್ಯಾಲೆ ಕಣ್ಣ ಇಡತಾಳ. ಹತ್ತು ಮಂದಿ ಇದ್ರ ಹತ್ತೂ ಮಂದಿ ಇನ್ನೊಬ್ಬರು ನೋಡಾಕತ್ತಾರ ಅಂತ ತಿಳಕೋತಾರ" ಎನ್ನುತ್ತಿದ್ದಳು. ಇಷ್ಟು ವಯಸ್ಸಾದ ಮೇಲೂ ನಾನು ಇದಕ್ಕಿಂತ ಖರೆ ಮಾತು ಕೇಳಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಹಗೇವು. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ, ಒಳಗೆ ಹೊಟ್ಟೆ ದೊಡ್ಡದು, ಆಳ ಎರಡಾಳು. ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಿದ್ದರು. ದೀಪಾವಳಿಯ ಹೊತ್ತಿಗೆ ಮೇಲೆ ಇಟ್ಟುಕೊಂಡಿದ್ದ ಜೋಳ ತೀರುತ್ತಿತ್ತು, ಹಬ್ಬಕ್ಕೆ ಆಳುಗಳಿಗೂ ಕೊಡಬೇಕು. ಹೀಗಾಗಿ ಹಬ್ಬದ ಮುನ್ನಾದಿನ ಹಗೇವು ತೆರೆಯುವುದು ನಮ್ಮಲ್ಲಿ ರೂಢಿ. ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ತಿಂಗಳುಗಟ್ಟಲೆ ಮುಚ್ಚಿದ ಜೋಳದ ಕಾವಿಗೆ ಒಳಗಿನ ಗಾಳಿ ವಿಷವಾಗಿರುತ್ತದೆ. ಒಂದು ಹಗಲು ಒಂದು ರಾತ್ರಿ ಬಾಯಿ ಬಿಟ್ಟಿರಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಲ್ಲ. ಗಾಳಿ ಆಡಲಿ, ಕೋಳಿ ಬೀಳದಿರಲಿ ಎಂದು ಆ ಒಂದು ದಿನ ಬಾಯಿಯ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕುತ್ತಿದ್ದರು.

ನನಗೆ ಆಗ ಹತ್ತು ವರ್ಷ. ಮಹಾಯುದ್ಧಕ್ಕೆ ಮೂರು ವರ್ಷ ಮುಂಚಿನ ಮಾತು. ಹುಕ್ಕೇರಿಯಲ್ಲಿ ಸಾಲಿ ಮಾಸ್ತರನಾಗಿದ್ದ ಕಾಕಾ, ಅವನ ಹೆಂಡತಿ ಕಾಕು ಮತ್ತು ಅವರ ಒಂದೂವರೆ ವರ್ಷದ ಮಗ ಹಬ್ಬಕ್ಕೆ ಬಂದಿದ್ದರು. ಕಾಕುವಿಗೆ ಅದಕ್ಕೂ ಮೊದಲು ಎರಡು ಹುಟ್ಟಿ ದಕ್ಕಿರಲಿಲ್ಲ. ಹಾಗಾಗಿ ಆ ಕೂಸನ್ನು ಅವಳು ನೆಲಕ್ಕೆ ಬಿಡುತ್ತಲೇ ಇರಲಿಲ್ಲ. ಆಯಿ ಸೀಳು ತೆಗೆದಾಗ ಕಾಕುವಿನ ಮುಖ ಕೆಂಪಾಯಿತು.

"ಆಕಳ ಕರಾ ಕಟ್ಟಿದ್ಹಂಗ ಕಟ್ಟತೀರೇನ್ರಿ ಅತ್ತಿ?"

"ಹೌದವಾ. ಕಟ್ಟಿದ ಕರಾ ಸಂಜೀತನಕ ಕಟ್ಟಿದಲ್ಲೇ ಇರತೈತಿ."

ಅಂದು ಹಂಡೆಗೆ ನೀರು ತುಂಬಲು ಬಾವಿಗೆ ಹೋಗುವಾಗ ಕಾಕು ಹಿತ್ತಿಲ ಬಾಗಿಲಲ್ಲಿ ನಿಂತು ಮೂರು ಸಲ ತಿರುಗಿ ನೋಡಿದಳು. ಅವ್ವನೂ ಅವಳ ಜೊತೆ ಹೋದಳು. ಗಂಡಸರು ಬೆಳಿಗ್ಗೆಯೇ ಹಗೇವು ತೆರೆದು, ಬುಟ್ಟಿ ಬೋರಲು ಹಾಕಿ ಹೊಲಕ್ಕೆ ಹೋಗಿದ್ದರು. ಒಲೆಯ ಮುಂದೆ ಆಯಿ, ಕಂಬದ ಹತ್ತಿರ ಕೂಸು, ಹೊಸ್ತಿಲಲ್ಲಿ ಚೆಂಡುಹೂ ಪೋಣಿಸುತ್ತ ನಾನು. "ಕೂಸಿನ ಕಡೆ ಒಂದ ಕಣ್ಣ ಇರಲಿ" ಎಂದು ಆಯಿ ಹೇಳಿದ್ದಳು. ಅಂದರೆ ಆ ಹೊತ್ತಿಗೆ ನೋಡುವವಳು ನಾನೊಬ್ಬಳೇ.

ಕಾಕಾ ಬರುವಾಗ ಗೋಕಾಕದಲ್ಲಿ ಗಾಡಿ ನಿಲ್ಲಿಸಿ ಮಗನಿಗೆ ಒಂದು ಮರದ ಮಾವಿನಹಣ್ಣು ತಂದಿದ್ದ. ಗೋಕಾಕದ ಗೊಂಬೆಗಳ ಬಣ್ಣ ಹೇಳಬೇಕೇ? ಬಾಯಿಗಿಡಬೇಕು ಅನ್ನುವಂಥ ಹಳದಿ, ತೊಟ್ಟಿನ ಹತ್ತಿರ ಕೆಂಪು. ಅದು ಕೂಸಿನ ಕೈಯಿಂದ ಜಾರಿ ಉರುಳಿ ದೂರ ಹೋಗಿ ನಿಂತಿತು. ಕೂಸು ಬಟ್ಟೆ ಜಗ್ಗುವವರೆಗೂ ಹೋಗಿ, ಕೈ ಚಾಚಿ, ಸಿಗದೆ ಅಳತೊಡಗಿತು. ಎದ್ದು ಹೋಗಿ ಹಣ್ಣು ಎತ್ತಿಕೊಟ್ಟಿದ್ದರೆ ಮುಗಿಯುತ್ತಿತ್ತು. ಕೊಟ್ಟೆ ಕೂಡ, ಎರಡು ಸಲ. ಎರಡೂ ಸಲ ಅದು ಮತ್ತೆ ಎಸೆಯಿತು, ಮತ್ತೆ ಅತ್ತಿತು. ನನಗೆ ಸಿಟ್ಟು ಬಂತು. ಕೂಸಿನ ಮೇಲಲ್ಲ, ಆಯಿಯ ಮೇಲೆ. ಕಾಕು ಹೇಳಿದ್ದೇ ಸರಿ ಅನ್ನಿಸಿತು. ಪಟ್ಟಣದಿಂದ ಬಂದ, ನುಣುಪು ಸೀರೆಯ ಕಾಕು ಹೇಳಿದ್ದೆಲ್ಲ ನನಗೆ ಆಗ ಸರಿಯೇ.

ಆದರೂ ಬಿಚ್ಚುವಷ್ಟು ಧೈರ್ಯವಿರಲಿಲ್ಲ. ನಾನು ಮಾಡಿದ್ದು ಬೇರೆ. ಹಗ್ಗದ ಮೇಲೆ ಒಣಗಲು ಹಾಕಿದ್ದ ಆಯಿಯದೇ ಇನ್ನೊಂದು ಸೀಳು ತಂದೆ. ಕಂಬದ ಗಂಟು ಬಿಚ್ಚಿ, ಹೊಸ ಸೀಳನ್ನು ಕಂಬಕ್ಕೆ ಕಟ್ಟಿ, ಎರಡನ್ನೂ ನಡುವೆ ಗಂಟು ಹಾಕಿದೆ. ಐದು ಮೊಳದ ರಾಜ್ಯ ಎಂಟು ಮೊಳವಾಯಿತು. ಕಟ್ಟಿದ್ದೂ ಕಟ್ಟಿದಂತಾಯಿತು, ಕೂಸಿಗೂ ಆಡಲು ಜಾಗವಾಯಿತು ಎಂದು ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಕೂಸು ಅಳು ನಿಲ್ಲಿಸಿತು. ಆಯಿ ಬೆನ್ನು ತಿರುಗಿಸಿಕೊಂಡು ಕರ್ಚಿಕಾಯಿ ಬಿಡುತ್ತಿದ್ದಳು. ನಾನು ಹೊಸ್ತಿಲಿಗೆ ಹೋಗಿ ಹೂವಿಗೆ ಕೂತೆ.

ಬುಟ್ಟಿ ಉರುಳಿದ ಸದ್ದು ಕೇಳಿ ತಿರುಗಿದೆ. ಬುಟ್ಟಿ ಹಗೇವಿನ ಆಚೆ ಬಿದ್ದಿತ್ತು. ಕೂಸು ಇರಲಿಲ್ಲ. ಕಂಬದಿಂದ ಹಗೇವಿನ ಬಾಯಿಯವರೆಗೆ ಬಟ್ಟೆ ಬಿಗಿದು ನಿಂತಿತ್ತು, ನಡುವೆ ನಾನು ಹಾಕಿದ ಗಂಟು ಕಣ್ಣೆದುರಿಗೆ ಸಣ್ಣಗೆ ಜಾರುತ್ತಿತ್ತು.

ನಾನು ಕೂಗಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಗಂಟು ಬಿಚ್ಚುವುದನ್ನು ನೋಡುತ್ತ ಕೂತಿದ್ದೆ.

ಬುಟ್ಟಿಯ ಸದ್ದಿಗೆ ಆಯಿಯೂ ತಿರುಗಿದ್ದಳು. ಅವಳು ಮೊದಲು ನೋಡಿದ್ದು ಹಗೇವನ್ನಲ್ಲ, ಕಂಬವನ್ನು. ಬಟ್ಟೆ ಎತ್ತ ಬಿಗಿದಿದೆ ಎಂದು ಕಂಡದ್ದೇ ಎದ್ದಳು. ಅರವತ್ತು ದಾಟಿದ ಹೆಂಗಸು, ಏಳುವಾಗ ಯಾವಾಗಲೂ 'ಶಿವಾ' ಎಂದು ನೆಲಕ್ಕೆ ಕೈಯೂರುವವಳು, ಅಂದು ಕೈಯೂರಲಿಲ್ಲ. ಹಗೇವಿನ ಬಾಯಿಗೆ ಹೊಟ್ಟೆ ಹಚ್ಚಿ ಬಿದ್ದು, ಹೆಗಲವರೆಗೆ ಕೈ ಒಳಗೆ ಹಾಕಿ, ಗಂಟಿನ ಆಚೆಗಿನ ಬಟ್ಟೆ ಹಿಡಿದಳು. ಅವಳು ಹಿಡಿದ ಮೇಲೆ ನನ್ನ ಗಂಟು ಪೂರಾ ಬಿಚ್ಚಿತು. ಕಂಬದ ಕಡೆಯ ತುಂಡು ಸಪ್ಪಗೆ ನೆಲಕ್ಕೆ ಬಿತ್ತು.

ಕೂಸು ಮೇಲೆ ಬಂದಾಗ ಅಳುತ್ತಿರಲಿಲ್ಲ. ತುಟಿ ನೇರಳೆಯಾಗಿತ್ತು, ಕತ್ತು ಒಂದು ಕಡೆಗೆ ವಾಲಿತ್ತು. ಹಗೇವಿನ ಹುಳಿ ಹುಳಿ ಬಿಸಿ ವಾಸನೆ ಪಡಸಾಲೆಗೆಲ್ಲ ಹರಡಿತು. ಆಯಿ ಅದನ್ನು ಎತ್ತಿಕೊಂಡು ಅಂಗಳದ ಗಾಳಿಗೆ ಓಡಿ, ಮೊಳಕಾಲ ಮೇಲೆ ಬೋರಲು ಹಾಕಿ ಬೆನ್ನು ತಟ್ಟಿದಳು, ಮುಖಕ್ಕೆ ಊದಿದಳು, ಮತ್ತೆ ತಟ್ಟಿದಳು. ಅಷ್ಟರಲ್ಲಿ ಕಾಕು ಕೊಡದೊಂದಿಗೆ ಬಂದಳು. ಕೊಡ ಬಿದ್ದು ಅಂಗಳವೆಲ್ಲ ನೀರಾಯಿತು. ಕಾಕು ನೀರಿನಲ್ಲೇ ಕುಸಿದು ಕೂತು ಕೂಸಿನ ಪಾದ ಹಿಡಿದುಕೊಂಡಳು. ಎಷ್ಟು ಹೊತ್ತು ಹೋಯಿತೋ ತಿಳಿಯದು. ಒಳಗೆ ಬಾಣಲೆಯಲ್ಲಿದ್ದ ಕರ್ಚಿಕಾಯಿ ಕರಕಾಗಿ ಹೊಗೆ ಹೊರಗೆ ಬಂದ ಮೇಲೆ ಕೂಸು ಒಮ್ಮೆ ಕೆಮ್ಮಿತು, ಆಮೇಲೆ ಅತ್ತಿತು. ಅಂಥ ಇಂಪಾದ ಅಳು ನಾನು ಆಮೇಲೆ ನನ್ನ ಮಕ್ಕಳು ಹುಟ್ಟಿದಾಗ ಮಾತ್ರ ಕೇಳಿದ್ದೇನೆ.

ಸೊಂಟದ ಸುತ್ತ ಬಟ್ಟೆ ಬಿಗಿದ ಕೆಂಪು ಗೆರೆ ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ. ಕಾಕು ಮಗನನ್ನು ಎದೆಗೆ ಒತ್ತಿಕೊಂಡು ಒಳಗೆ ಬಂದಳು. ಕಂಬ ನೋಡಿದಳು, ಅದರಿಂದ ನೆಲಕ್ಕೆ ಬಿದ್ದ ತುಂಡು ನೋಡಿದಳು, ಕೂಸಿನ ಸೊಂಟದಿಂದ ಜೋತ ಇನ್ನೊಂದು ತುಂಡು ನೋಡಿದಳು.

"ಇಷ್ಟ ಉದ್ದ ಕಟ್ಟೀರೇನ್ರಿ? ಒಲಿ ಮುಟ್ಟೂವಷ್ಟ, ಹಗೇವ ಮುಟ್ಟೂವಷ್ಟ? ಎರಡ ಕಳಕೊಂಡೇನಿ ನಾ. ಇದನ್ನೂ ಹಗೇವಿಗೆ ಹಾಕಬೇಕಂದಿದ್ರೇನ್ರಿ?"

ಆಯಿ ಬಗ್ಗಿ ಕಂಬದ ಕಡೆಯ ಬಟ್ಟೆ ಎತ್ತಿಕೊಂಡಳು. ತುದಿಯಲ್ಲಿ ಗಂಟಿನ ಸುಕ್ಕು ಇನ್ನೂ ಇತ್ತು. ಎರಡು ಸುತ್ತು ಸುತ್ತಿ ಒಂದು ಕಿವಿ ಬಿಡುವ ಗಂಟು, ನಾನು ಜಡೆಯ ಲಾಡಿಗೆ ಹಾಕುವ ಗಂಟು. ದಿನವೂ ಮುಂಜಾನೆ ಅದನ್ನು ಬಿಚ್ಚಿ ನನ್ನ ತಲೆ ಬಾಚುತ್ತಿದ್ದವಳು ಆಯಿಯೇ. ಅವಳು ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದಳು. ಬೆರಳಿನಿಂದ ಆ ಸುಕ್ಕು ತೀಡಿ ತೀಡಿ ನೆಟ್ಟಗೆ ಮಾಡಿದಳು.

"ಹೌದವಾ. ನನ್ನ ಅಳತಿ ತಪ್ಪಿತು" ಎಂದಳು.

ಸಂಜೆ ಅಪ್ಪ ಬಂದು ಹಗ್ಗಕ್ಕೆ ದೀಪ ಕಟ್ಟಿ ಹಗೇವಿಗೆ ಇಳಿಬಿಟ್ಟ. ಎರಡು ಮೊಳ ಇಳಿಯುವುದರೊಳಗೆ ದೀಪ ಆರಿತು. ಮನೆಯವರೆಲ್ಲ ಅದನ್ನು ನೋಡಿದರು. ಕಾಕು ಆ ಗಳಿಗೆಯೇ ಬಟ್ಟೆಬರೆಯ ಗಂಟು ಕಟ್ಟಿದಳು. ಬೆಳಗಾಗುತ್ತಲೇ ಗೋಕಾಕದ ದವಾಖಾನೆಯಲ್ಲಿ ಕೂಸನ್ನು ತೋರಿಸಿ ಹಾಗೆಯೇ ಹುಕ್ಕೇರಿಗೆ ಹೋದರು. ನಾವು ಸಗಣಿಯಲ್ಲಿ ಮಾಡಿದ ಪಾಂಡವರ ಗೊಂಬೆಗಳನ್ನು ಇಟ್ಟು, ಹೂ ಏರಿಸಿ, ಹಬ್ಬ ಮಾಡಿದೆವು, ಮಾಡಬೇಕಲ್ಲ ಎಂದು.

ಎರಡು ದಿನದ ಮೇಲೆ ಜೋಳ ತೆಗೆಯುವಾಗ ಮರದ ಮಾವಿನಹಣ್ಣು ಬುಟ್ಟಿಯಲ್ಲಿ ಬಂತು. ಯಾರೂ ಕೇಳಲಿಲ್ಲ. ನನ್ನ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಅಂದು ಸಂಜೆಯೇ ನಾನು ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ಹೊಡೆತದ ಹೆದರಿಕೆ ಒಂದು ವಾರ ಇತ್ತು, ಅದು ಹೋಯಿತು. ಆಮೇಲೆ ಉಳಿದದ್ದು ನಾಚಿಕೆ, ಅದು ಹೋಗುವ ಪೈಕಿಯದಲ್ಲ. ನಾನು ಸುಮ್ಮನಿದ್ದುದಕ್ಕೆ ಬೆಲೆ ತೆತ್ತವಳು ಆಯಿ. ಕಾಕು ಮುಂದೆ ದೀಪಾವಳಿಗೆ ಬರಲೇ ಇಲ್ಲ, ಕಾಕಾ ಒಬ್ಬನೇ ಬಂದು ಹೋಗುತ್ತಿದ್ದ. ಮರುವರ್ಷ ನನ್ನ ತಮ್ಮ ಹುಟ್ಟಿದ. ಅವನು ಅಂಬೆಗಾಲಿಡುವಾಗ ಬಂದ ಹಬ್ಬದಲ್ಲಿ ಆಯಿ ಗೂಡಿನಿಂದ ಸೀಳು ತೆಗೆದಳು. ಅವ್ವ ಮೆಲ್ಲಗೆ, "ಬಿಡ್ರಿ ಅತ್ತಿ, ನಾನ ನೋಡಕೋತೇನಿ" ಎಂದಳು. ಅಷ್ಟೇ. ಆಯಿ ಬಟ್ಟೆ ಮಡಚಿ ಗೂಡಿನಲ್ಲಿಟ್ಟಳು. ಓಣಿಯ ಹೆಂಗಸರೂ ಕೂಸು ತರುವುದು ಬಿಟ್ಟರು. "ಮುದುಕಿಗೆ ಕಣ್ಣ ಅಳತಿ ಹೋಗೇತಿ" ಎಂದು ಬಾವಿಯ ಹತ್ತಿರ ಆಡಿಕೊಂಡದ್ದನ್ನು ನಾನೇ ಕಿವಿಯಾರೆ ಕೇಳಿ, ಕೊಡ ತುಂಬಿಕೊಂಡು ಬಂದೆ.

ಆಮೇಲಿನ ಹಬ್ಬಗಳಲ್ಲಿ ಆಯಿ ಕಂಬಕ್ಕೆ ಬೆನ್ನು ಕೊಟ್ಟು ಕೊಬ್ಬರಿ ಹೆರೆಯುತ್ತ ಕೂರುತ್ತಿದ್ದಳು. ಯಾವುದಾದರೂ ಕೂಸು ಹತ್ತಿರ ಬಂದರೆ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಕೂಸಿನ ತಾಯಿ ಬಂದು ಎತ್ತಿಕೊಂಡು ಹೋದ ಮೇಲೆ ಆ ಕೈ ಕೊಬ್ಬರಿಗೆ ಮರಳುತ್ತಿತ್ತು.

ಹದಿನಾರಕ್ಕೆ ನನ್ನ ಮದುವೆಯಾಯಿತು, ಹುಕ್ಕೇರಿಗೆ. ಗಂಡನ ಮನೆಗೆ ಹೊರಡುವ ಮುಂಜಾನೆ ಆಯಿ ನನ್ನ ತಲೆ ಬಾಚುತ್ತಿದ್ದಳು. ಆಗಲೇ ಅವಳ ಕಣ್ಣಿಗೆ ಪೊರೆ ಬಂದಿತ್ತು, ಬೆರಳಿನಿಂದಲೇ ಬೈತಲೆ ಹುಡುಕುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಆಯಿ, ಆವತ್ತ ಆ ಗಂಟು..." ಎಂದೆ.

"ಗೊತ್ತೈತಿ. ದಿನಾ ಬಿಚ್ಚೂ ಗಂಟು ನನಗ ಗೊತ್ತಾಗೂದಿಲ್ಲೇನ?"

"ಮತ್ಯಾಕ ನಿನ್ನ ಮ್ಯಾಲೆ ಹಾಕ್ಕೊಂಡಿ?"

"ನಿನ್ನ ಹೆಸರ ಬಂದಿದ್ರ ಸಾಯೂತನಕ ನಿನ್ನ ಕೈಯಾಗ ಯಾರೂ ಒಂದ ಕೂಸ ಕೊಡತಿದ್ದಿಲ್ಲ. ನಾ ಊರ ಕೂಸೆಲ್ಲಾ ಎತ್ತಿ ಆಡಿಸೇನಿ. ನನಗ ಸಾಕಾಗಿತ್ತ."

ಸಾಕಾಗಿರಲಿಲ್ಲ. ಕೊಬ್ಬರಿ ಬಿಟ್ಟು ಮುಂದೆ ಹೋಗುತ್ತಿದ್ದ ಆ ಕೈಯನ್ನು ನಾನು ನೋಡಿದ್ದೆ.

ಮದುವೆಯಾದ ಮೊದಲ ದೀಪಾವಳಿಗೆ ತವರಿಗೆ ಕರೆಯುವುದು ಪದ್ಧತಿ. ಯುದ್ಧದ ಕಾಲ, ಸೀಮೆಎಣ್ಣೆ ಸಿಗುವುದೇ ಕಷ್ಟ, ಸಕ್ಕರೆಗೆ ಚೀಟಿ. ಆದರೂ ಅಪ್ಪ ಗಾಡಿ ಕಟ್ಟಿಕೊಂಡು ಬಂದ. ಹೊರಡುವ ಮೊದಲು ನಾನು ಎರಡು ಓಣಿ ಆಚೆಯಿದ್ದ ಕಾಕುವಿನ ಮನೆಗೆ ಹೋದೆ. ಕಾಕು ಬೆಲ್ಲದ ಕರ್ಚಿಕಾಯಿ ಕರಿಯುತ್ತಿದ್ದಳು. ಆಗ ಅವಳಿಗೊಂದು ವರ್ಷದ ಮಗಳಿದ್ದಳು. ಅದನ್ನು ಎರಡು ಮೊಳಕಾಲಿನ ನಡುವೆ ಒತ್ತಿಕೊಂಡು, ಎಣ್ಣೆ ಸಿಡಿದಾಗಲೆಲ್ಲ ತನ್ನ ಕೈ ಅಡ್ಡ ಹಿಡಿಯುತ್ತಿದ್ದಳು. ಮುಂಗೈ ತುಂಬ ಸುಟ್ಟ ಕಲೆಗಳು. ಏಳು ವರ್ಷ ಅವಳೂ ಹಬ್ಬವನ್ನು ಹೀಗೆಯೇ ಮಾಡಿದ್ದಳು ಎಂದು ನನಗೆ ಅಂದೇ ತಿಳಿದದ್ದು.

ನಾನು ಮರದ ಮಾವಿನಹಣ್ಣನ್ನು ಅವಳ ಮುಂದೆ ಇಟ್ಟೆ. ಒಂದು ಮಗ್ಗುಲ ಬಣ್ಣ ಹಗೇವಿನ ಕಾವಿಗೆ ಹೋಗಿತ್ತು. ಎಲ್ಲವನ್ನೂ ಹೇಳಿದೆ. ಹಣ್ಣು, ಅಳು, ಎರಡನೆಯ ಸೀಳು, ಲಾಡಿಯ ಗಂಟು. ಆಯಿ ತಲೆ ಬಾಚುವಾಗ ಆಡಿದ ಮಾತನ್ನೂ ಹೇಳಿದೆ. ಕಾಕು ನನ್ನ ಕಡೆ ನೋಡಲಿಲ್ಲ. ಬಾಣಲೆಯಲ್ಲಿದ್ದುದನ್ನು ತಿರುವಿ ಹಾಕಿದಳು, ತೆಗೆದಳು, ಬಾಣಲೆ ಇಳಿಸಿದಳು, ಒಲೆಯ ಕೊಳ್ಳಿಗೆ ನೀರು ಚಿಮುಕಿಸಿದಳು. ಹಬ್ಬದ ಕಣಕ ಇನ್ನೂ ಅರ್ಧ ಉಳಿದಿತ್ತು.

"ನಿಮ್ಮಪ್ಪನ ಗಾಡ್ಯಾಗ ಜಾಗ ಐತೇನ?" ಎಂದಳು.

ಹಾದಿಯುದ್ದಕ್ಕೂ ಅವಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಅವಳ ಎಂಟು ವರ್ಷದ ಮಗ ಗಾಡಿಯ ಮುಂದೆ ನನ್ನ ಅಪ್ಪನ ಪಕ್ಕದಲ್ಲಿ ಕೂತು ಎತ್ತು ಹೊಡೆಯುತ್ತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ. ಕಾಕು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅದಕ್ಕೇ ಬೈಯಲಿಲ್ಲವೇನೋ.

ಕಲ್ಲೋಳಿಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಒಲೆ ಹೂಡಿದ್ದಳು, ಹಗೇವಿನ ಮೇಲೆ ಬುಟ್ಟಿ ಬೋರಲು ಬಿದ್ದಿತ್ತು. ಆಯಿ ಕಂಬಕ್ಕೆ ಒರಗಿ ಕೂತಿದ್ದಳು. ಕಾಕು ಕಾಲು ಕೂಡ ತೊಳೆಯದೆ ನೆಟ್ಟಗೆ ಒಳಗೆ ಹೋಗಿ, ಮಗಳನ್ನು ಆಯಿಯ ಮಡಿಲಲ್ಲಿ ಕೂರಿಸಿ, ಗೂಡಿನಿಂದ ಆ ಸೀಳು ತಂದು ಆಯಿಯ ಕೈಯಲ್ಲಿಟ್ಟಳು.

"ಕಟ್ರಿ ಅತ್ತಿ" ಎಂದಳು. ಆಮೇಲೆ ಆಯಿಯ ಪಾದಕ್ಕೆ ಹಣೆ ಹಚ್ಚಿದವಳು ಬಹಳ ಹೊತ್ತು ಎತ್ತಲಿಲ್ಲ.

ಆಯಿ ಕೂಸಿನ ಮುಖ, ತಲೆ, ಸೊಂಟ ತಡವಿ ನೋಡಿದಳು. ಅದನ್ನು ಕಾಕುವಿನ ಕೈಗೆ ಕೊಟ್ಟು, ಕಂಬದ ಬುಡಕ್ಕೆ ಮೊಳಕೈ ಊರಿ, ಮಂಡಿಯ ಮೇಲೆ ಸರಿಯುತ್ತ ಮೊಳ ಹಾಕತೊಡಗಿದಳು. ಒಲೆಯ ಕಾವು ಬೆರಳಿಗೆ ತಾಗುವವರೆಗೆ ಎಂಟು. ತಿರುಗಿ ಬಂದು, ಹಗೇವಿನ ಕಲ್ಲು ಬೆರಳಿಗೆ ಸಿಗುವವರೆಗೆ ಏಳು. ನಡುವೆ ಎರಡು ಸಲ ದಣಿದು ನಿಂತಳು. ಯಾರೂ ನೆರವಿಗೆ ಹೋಗಲಿಲ್ಲ, ಹೋಗುವಂತಿರಲಿಲ್ಲ. ಕೂಸನ್ನು ಕಟ್ಟಿದ ಮೇಲೆ ನನ್ನನ್ನು ಕರೆದಳು.

"ಹಿಡಕೊಂಡ ನೋಡವಾ. ನನಗ ಕಾಣೂದಿಲ್ಲ. ತಪ್ಪಿದ್ರ ಈಗ ಹೇಳು."

ನಾನು ಬಟ್ಟೆಯನ್ನು ಹಗೇವಿನ ಕಡೆಗೆ ಜಗ್ಗಿ ಹಿಡಿದೆ. ಎರಡು ಮೊಳ ಕಡಿಮೆ ಇತ್ತು. ಒಲೆಯ ಕಡೆಗೆ ಜಗ್ಗಿದೆ, ಮೂರು ಮೊಳ ಕಡಿಮೆ. ಅಪ್ಪ, ಅವ್ವ, ಕಾಕು ಎಲ್ಲರೂ ಅಲ್ಲಿದ್ದರು, ಪಕ್ಕದ ಮನೆಯ ಹೆಂಗಸರೂ ಬಾಗಿಲಿಗೆ ಬಂದಿದ್ದರು.

"ಸರಿ ಐತಿ ಆಯಿ" ಎಂದೆ. "ಆವತ್ತೂ ಸರಿ ಇತ್ತ. ಉದ್ದ ಮಾಡಿದಾಕಿ ನಾನು."

ಅವ್ವನ ಕೈಯಿಂದ ಲಟ್ಟಣಿಗೆ ಬಿತ್ತು. ಅವಳು ಅಳತೊಡಗಿದಳು, ಕಾಕು ಅತ್ತಳು, ನಾನಂತೂ ಆಯಿಯ ಮೊಳಕಾಲು ಹಿಡಿದು ಬಿಕ್ಕಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಆಯಿ ಮಾತ್ರ ಕಾಣದ ಕಣ್ಣನ್ನು ಕೂಸಿನ ದನಿ ಬರುವ ಕಡೆಗೆ ತಿರುಗಿಸಿ ಕೂತಿದ್ದಳು.

"ಆಮ್ಯಾಲೆ ಅಳ್ರಿ" ಎಂದಳು. "ಎಣ್ಣಿ ಕಾದ ವಾಸನಿ ಬರಾಕತ್ತೈತಿ. ಕೂಸಿನ ಕಡೆ ಯಾರ ನೋಡಾಕತ್ತೀರಿ?"